ಬೆಲ್‌ಬಾಟಮ್ ಹೊಲಿದವರು

ಮನೆಯಲ್ಲಿ 1970ರ ದಶಕದ ಮದುವೆ ಫೋಟೋ ಇದ್ದರೆ ಒಮ್ಮೆ ತೆಗೆದು ನೋಡಿ. ಮದುಮಗನ ಪಕ್ಕದಲ್ಲಿ ನಿಂತ ಕಾಕಾ, ಮಾಮಾಗಳ ಪ್ಯಾಂಟು ಮೊಣಕಾಲಿನವರೆಗೆ ಬಿಗಿ. ಅಲ್ಲಿಂದ ಕೆಳಗೆ ಗಂಟೆಯಂತೆ ಅಗಲವಾಗಿ ಚಪ್ಪಲಿಯನ್ನೇ ಮುಚ್ಚಿದೆ. ಅಂಗಿಯ ಕಾಲರು ನಾಯಿಯ ಕಿವಿಯಂತೆ ಜೋತುಬಿದ್ದಿದೆ. ಈಗಿನ ಹುಡುಗರಿಗೆ ನಗು ಬರುತ್ತದೆ. ಆದರೆ ಆ ಪ್ಯಾಂಟು ಅಂಗಡಿಯಲ್ಲಿ ತೂಗುಹಾಕಿದ್ದಲ್ಲ, ಒಬ್ಬ ಟೇಲರ್ ಅಳತೆ ಹಿಡಿದು ಹೊಲಿದದ್ದು.

ಫ್ಯಾಶನ್ ತಂದದ್ದು ಸಿನಿಮಾ ಎನ್ನುತ್ತೇವೆ. ಸಿನಿಮಾ ತೋರಿಸಿತು, ಅಷ್ಟೆ. ಊರಿಗೆ ತಂದವರು ಟೇಲರ್‌ಗಳು.

1956ರವರೆಗೆ ಮುಂಬಯಿ ರಾಜ್ಯದಲ್ಲಿದ್ದ ಬೆಳಗಾವಿಗೆ ಹಿಂದಿ, ಮರಾಠಿ, ಕನ್ನಡ ಮೂರೂ ಚಿತ್ರಗಳು ಬರುತ್ತಿದ್ದವು. ಖಾನಾಪುರದ ಕಡೆಯವರು ರವಿವಾರ ಪೇಟೆಯಲ್ಲಿ ಕಿರಾಣಿ ಕಟ್ಟಿಸಿ, ಖಡೇಬಜಾರಿನಲ್ಲಿ ಬಟ್ಟೆ ಹರಿಸಿ, ಟೇಲರ್‌ಗೆ ಕೊಟ್ಟು ಹೋದರೆ ಮುಂದಿನ ಸಲ ಪೇಟೆಗೆ ಬಂದಾಗಲೇ ಒಯ್ಯುವುದು. ಟೇಲರ್ ಬಳಿ ನಮೂನೆಯ ಬಟ್ಟೆ ಎಲ್ಲಿಂದ ಬರಬೇಕು? ಪೋಸ್ಟರು, ಸಿನಿಮಾ ಪತ್ರಿಕೆಯ ಚಿತ್ರ, ಇಲ್ಲವೇ ತಾನೇ ನೋಡಿದ ಆಟದ ನೆನಪು. ಬಾಟಮ್ ಎಷ್ಟು ಇಂಚು ಇರಬೇಕೆಂಬುದು ಹುಡುಗನ ಆಸೆ ಮತ್ತು ಅಪ್ಪನ ಸಿಟ್ಟಿನ ನಡುವಿನ ರಾಜಿ. ಅಂಚು ನೆಲಕ್ಕೆ ಉಜ್ಜಿ ಹರಿಯುತ್ತದೆಂದು ಅದಕ್ಕೆ ಜಿಪ್ ಹೊಲಿದ ಜಾಣರು ಇವರೇ.

ಬಟ್ಟೆಯ ಪಾತ್ರವೂ ದೊಡ್ಡದು. ಹತ್ತಿಯ ಬೆಲ್‌ಬಾಟಮ್ ಎರಡು ಒಗೆತಕ್ಕೆ ಜೋತುಬೀಳುತ್ತದೆ. ಟೆರಿಲೀನ್, ಟೆರಿಕಾಟ್ ಇಸ್ತ್ರಿಯ ಗೆರೆ ಬಿಡದೆ ನಿಲ್ಲುತ್ತವೆ. ರಿಲಯನ್ಸ್ ನರೋಡಾದಲ್ಲಿ ಗಿರಣಿ ತೆರೆದದ್ದು 1966ರಲ್ಲಿ. 'ವಿಮಲ್' ಬಟ್ಟೆ ಬಂದದ್ದು ಅಲ್ಲಿಂದ. ಶಹಾಪುರ, ವಡಗಾವಿಯ ನೇಕಾರರ ಹತ್ತಿಬಟ್ಟೆಗೆ ಈ ಹೊಸ ಪ್ಯಾಂಟಿನಲ್ಲಿ ಜಾಗವಿರಲಿಲ್ಲ.

ಹುಡುಗಿಯರ ಕಥೆ ಸ್ವಲ್ಪ ಹಿಂದಿನದು. 1965ರ 'ವಕ್ತ್' ಚಿತ್ರದಲ್ಲಿ ಸಾಧನಾ ತೊಟ್ಟ ಬಿಗಿ ಚೂಡಿದಾರ್-ಕುರ್ತಾ ದೇಶದ ಕಾಲೇಜುಗಳಿಗೆಲ್ಲ ಹಬ್ಬಿತು. ಅದನ್ನು ರೂಪಿಸಿದ ಭಾನು ಅಥಯ್ಯಾ ನಮ್ಮ ನೆರೆಯ ಕೊಲ್ಹಾಪುರದವರು. 'ಗಾಂಧಿ' ಚಿತ್ರಕ್ಕಾಗಿ 1983ರಲ್ಲಿ ಆಸ್ಕರ್ ಪಡೆದ ಮೊದಲ ಭಾರತೀಯರು. ತೆರೆಯ ಮೇಲೆ ತೋಳಿಲ್ಲದ ಕುರ್ತಾ ಊರಿನ ಟೇಲರ್ ಕೈಗೆ ಬಂದಾಗ ತೋಳು ಪಡೆಯಿತು. 1973ರ 'ಬಾಬಿ'ಯಲ್ಲಿ ಡಿಂಪಲ್ ತೊಟ್ಟ ಚುಕ್ಕೆ ಬ್ಲೌಸಿಗೆ ಹೊಟ್ಟೆಯ ಮೇಲೊಂದು ಗಂಟಿತ್ತು. ನಮ್ಮ ಜಂಪರಿಗೆ ಚುಕ್ಕೆ ಬಂತು, ಗಂಟು ಬರಲಿಲ್ಲ. ಇದನ್ನು ಬರೀ ನಕಲು ಎಂದು ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ. ಮನೆಯವರ ಬೈಗುಳ ತಪ್ಪಿಸಿ ಹುಡುಗಿಗೆ ಬೇಕಾದುದನ್ನು ಕೊಡುವ ಲೆಕ್ಕ ಅದರಲ್ಲಿತ್ತು.

ಕನ್ನಡ ಚಿತ್ರಗಳೂ ಹಿಂದೆ ಬೀಳಲಿಲ್ಲ. 1972ರ 'ಬಂಗಾರದ ಮನುಷ್ಯ'ದಲ್ಲಿ ಹೊಲಕ್ಕಿಳಿದ ರಾಜಕುಮಾರ್ 1976ರ 'ನಾ ನಿನ್ನ ಮರೆಯಲಾರೆ'ಯಲ್ಲಿ ಬೈಕ್ ಏರಿದ್ದರು.

ಕೆಲವೊಮ್ಮೆ ಟೇಲರ್ ತಪ್ಪೂ ಫ್ಯಾಶನ್ ಆಗುತ್ತದೆ. 1975ರ 'ದೀವಾರ್'ನಲ್ಲಿ ಅಮಿತಾಭ್ ಬಚ್ಚನ್ ತೊಟ್ಟ ನೀಲಿ ಅಂಗಿಯನ್ನು ಅತಿ ಉದ್ದ ಹೊಲಿದಿದ್ದರಂತೆ. ಶೂಟಿಂಗ್ ನಿಲ್ಲಿಸುವಂತಿಲ್ಲ, ಸೊಂಟದಲ್ಲಿ ಗಂಟು ಹಾಕಿಕೊಂಡೆ ಎಂದು ಅವರೇ ಹೇಳಿದ್ದಾರೆ. ಮೈಮೇಲೆ ಸರಿಯಾಗಿ ಕೂಡುವ ಅಂಗಿಗೂ ಹುಡುಗರು ಗಂಟು ಹಾಕಿಕೊಂಡು ತಿರುಗಿದರು.

ಈಚಿನ ವರ್ಷಗಳಲ್ಲಿ ಬೆಲ್‌ಬಾಟಮ್ ಹುಡುಗಿಯರ ಜೀನ್ಸ್ ಆಗಿ ಮರಳಿದೆ. ಈಗ ಅದು ಮೊಬೈಲಿನಲ್ಲಿ ಆರಿಸಿ ತರಿಸುವ ಸಿದ್ಧ ಉಡುಪು. ಉದ್ದ ಹೆಚ್ಚಾದರೆ ಮಾತ್ರ ಟೇಲರ್ ಬಳಿ ಬರುತ್ತದೆ, ಎರಡು ಇಂಚು ಕತ್ತರಿಸಿಕೊಡಿ ಎಂದು.