ಹೊಳೆಯಾಚೆಯ ಧಾರವಾಡ, ಕಡಲಾಚೆಯ ಸಿಲೋನ್

1950ರ ಜನವರಿ 8ರಂದು ಧಾರವಾಡದ ಆಕಾಶವಾಣಿ ಕೇಂದ್ರ ಶುರುವಾದಾಗ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಸೀಮೆಯೆಲ್ಲ ಮದ್ರಾಸಿಗೆ ಸೇರಿತ್ತು, ಧಾರವಾಡ ಮುಂಬಯಿಗೆ. ಆಗಿನ ಬಳ್ಳಾರಿ ಜಿಲ್ಲೆಯ ಈ ತಾಲ್ಲೂಕುಗಳು ಮೈಸೂರಿಗೆ ಬಂದದ್ದು 1953ರ ಅಕ್ಟೋಬರ್ 1ರಂದು, ಧಾರವಾಡವೂ ಅದೇ ರಾಜ್ಯದೊಳಗೆ ಬಂದದ್ದು 1956ರಲ್ಲಿ. ನಕ್ಷೆ ಒಂದಾಗುವ ಮೊದಲೇ ಕನ್ನಡದ ದನಿ ತುಂಗಭದ್ರೆಯ ಎರಡೂ ದಡಗಳಿಗೆ ಒಂದೇ ನಿಲಯದಿಂದ ಹೊರಡತೊಡಗಿತ್ತು. ರೇಡಿಯೊ ಬಂದು ಹಳ್ಳಿಯವರ ಕಿವಿ ತೆರೆಯಿತು ಎನ್ನುವುದು ವಾಡಿಕೆಯ ಮಾತು. ನನಗೆ ಅದು ತಿರುಗುಮುರುಗಾಗಿ ಕಾಣುತ್ತದೆ: ಇಲ್ಲಿನ ಕಿವಿ ತೆರೆದೇ ಇತ್ತು, ರೇಡಿಯೊ ಅದಕ್ಕೆ ದೂರವನ್ನು ಕೂಡಿಸಿತು.

ಸಾಕ್ಷ್ಯ ಹೊಳೆಯ ದಡದಲ್ಲೇ ಇದೆ. ಆಡಳಿತ ಮದ್ರಾಸಿನದಾದರೂ ಹಡಗಲಿಯವರಿಗೆ ಗದಗು ಹತ್ತಿರ. ಆ ಗದಗಿನಲ್ಲಿ ಕರ್ನಾಟಕ, ಹಿಂದೂಸ್ತಾನಿ ಎರಡನ್ನೂ ಕಲಿತು ಕಲಿಸಿದ ಪಂಚಾಕ್ಷರಿ ಗವಾಯಿಗಳು ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿದ್ದರು. ಅವರನ್ನು ಉಭಯಗಾನ ವಿಶಾರದರೆಂದು ಕರೆದದ್ದು ಸುಮ್ಮನೆ ಅಲ್ಲ. ವೃತ್ತಿ ನಾಟಕ ಕಂಪನಿಗಳು ರಾಗವನ್ನು ಟಿಕೆಟ್ಟಿನ ದರಕ್ಕೆ ಜಾತ್ರೆಗಳಿಗೆ ತಂದವು. ಅದರ ಪಕ್ಕದಲ್ಲೇ ತಾಂಡಾಗಳ ಲಂಬಾಣಿ ಹಾಡು, ಮೊಹರಂನ ಪದ, ಜೋಗತಿಯರ ಚೌಡಿಕೆ, ಹರಪನಹಳ್ಳಿ ಭೀಮವ್ವನಂಥ ಹರಿದಾಸಿಯ ಕೀರ್ತನೆ, ಮೈಲಾರದ ಗೊರವರ ಡಮರುಗ. ಮೈಲಾರದ ಕಾರಣಿಕವನ್ನೇ ನೋಡಿ: ಸಾವಿರಾರು ಜನ ಸದ್ದಡಗಿ ಒಬ್ಬನ ನುಡಿಗೆ ಕಾದು, ಕೇಳಿ, ಅದನ್ನು ಊರೂರಿಗೆ ಒಯ್ದು ಅರ್ಥ ಹೇಳುತ್ತಾರೆ. ದೂರದಿಂದ ಬಂದ ಮಾತನ್ನು ಒಟ್ಟಾಗಿ ಕೇಳುವ ಶಿಸ್ತು ಪಂಚಾಯಿತಿ ಕಟ್ಟೆಗೆ ರೇಡಿಯೊ ಬರುವ ಮೊದಲಿನದು.

ಐವತ್ತರ ದಶಕದಲ್ಲಿ ರೇಡಿಯೊ ಇದ್ದ ಮನೆಗಳೆಷ್ಟು ಎಂದು ಯಾರಾದರೂ ಕೇಳಿಯಾರು. ಕೆಲವೇ, ಕರೆಂಟು ಬೇಕಿತ್ತು, ಅಂಚೆ ಕಚೇರಿಯ ಲೈಸೆನ್ಸ್ ಬೇಕಿತ್ತು. ಆದರೆ ಆ ಕಾಲದಲ್ಲಿ ಪೆಟ್ಟಿಗೆ ಒಂದಾದರೆ ಕೇಳುವವರು ಹತ್ತು, ಇಪ್ಪತ್ತು. ಆಮೇಲೆ ಬ್ಯಾಟರಿಯ ಟ್ರಾನ್ಸಿಸ್ಟರ್ ಹೊಲಕ್ಕೂ ಹೋಯಿತು. ಆ ಕೇಳುಗರಿಗೆ ಸರ್ಕಾರಿ ನಿಲಯವೇ ಒಂದು ಗಡಿ ಹಾಕಿತ್ತು. ಗಮಕ, ಮೀಂಡ್ ಹೊರಡಿಸಲಾರದೆಂದು 1940ರಲ್ಲಿ ಹಾರ್ಮೋನಿಯಂಗೆ ಆಕಾಶವಾಣಿಯಲ್ಲಿ ನಿಷೇಧ ಬಿದ್ದು, ಎಪ್ಪತ್ತರ ದಶಕದ ಆರಂಭದವರೆಗೂ ಉಳಿಯಿತು. ನಾಟಕದ ಕಂಪನಿ, ಭಜನೆ ಮೇಳಗಳೆರಡೂ ಹಾರ್ಮೋನಿಯಂ ಮೇಲೆಯೇ ನಿಂತಿದ್ದ ನಾಡಿನಲ್ಲಿ ಇದು ಎಷ್ಟು ದೊಡ್ಡ ಅನ್ಯಾಯ! ವಾರ್ತಾ ಸಚಿವ ಬಿ.ವಿ. ಕೇಸ್ಕರ್ 1952ರ ಸುಮಾರಿಗೆ ಸಿನಿಮಾ ಹಾಡಿಗೂ ಕಡಿವಾಣ ಹಾಕಿದರು. ಜನ ವಾದಿಸಲಿಲ್ಲ, ತಿರುಪು ತಿರುಗಿಸಿದರು. ಶಾರ್ಟ್‌ವೇವಿನಲ್ಲಿ ರೇಡಿಯೊ ಸಿಲೋನ್ ಇತ್ತು, ಬುಧವಾರ ರಾತ್ರಿ ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಇತ್ತು. ಪ್ರಪಂಚದ ಸಂಗೀತವನ್ನು ಪರಿಚಯಿಸುವೆವೆಂದು ಆ ಕಾರ್ಯಕ್ರಮ ಹೇಳಿಕೊಳ್ಳಲಿಲ್ಲ. ಆದರೂ ಶಂಕರ್–ಜೈಕಿಶನ್, ಸಿ. ರಾಮಚಂದ್ರರ ಹಾಡುಗಳೊಳಗೆ ಅಕಾರ್ಡಿಯನ್, ಗಿಟಾರ್, ಲ್ಯಾಟಿನ್ ಅಮೆರಿಕದ ಲಯ, ರಾಕ್ ಅಂಡ್ ರೋಲ್ ಬೆರೆತೇ ಬಂದವು. 1957ರ ‘ಆಶಾ’ ಚಿತ್ರದ ‘ಈನಾ ಮೀನಾ ಡೀಕಾ’ ಕೇಳಿದವರು ಅಮೆರಿಕದ ಕುಣಿತವನ್ನು ಅದರ ಹೆಸರು ತಿಳಿಯದೆಯೇ ಕೇಳಿದ್ದರು. ಅದೇ ವರ್ಷ ಅಕ್ಟೋಬರಿನಲ್ಲಿ ಆಕಾಶವಾಣಿ ವಿವಿಧಭಾರತಿ ತೆರೆಯಬೇಕಾಯಿತು. ಕೇಳುಗರು ಗೆದ್ದದ್ದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಡ.

ಈ ಸಿನಿಮಾ ಹಾಡುಗಳೇ ನಮ್ಮ ಹಾಡನ್ನು ನುಂಗಿದವು ಎಂಬ ಆಕ್ಷೇಪ ಗಂಭೀರವಾದದ್ದು, ಅದನ್ನು ತಳ್ಳಿಹಾಕಲಾರೆ. ಆದರೆ ತಪ್ಪು ಹೊರಗಿನ ಹಾಡಿನದಲ್ಲ, ಅಳತೆಯದು. ಮೂರು ನಿಮಿಷದ ತಟ್ಟೆಗೆಂದೇ ಕಟ್ಟಿದ ಸಿನಿಮಾ ಹಾಡು ವೇಳಾಪಟ್ಟಿಗೆ ಸಲೀಸಾಗಿ ಹೊಂದಿತು. ಜೋಗತಿಯರು ರಾತ್ರಿಯೆಲ್ಲ ನಡೆಸುವ ಎಲ್ಲಮ್ಮನ ಕಥೆಯನ್ನು ಅರ್ಧ ಗಂಟೆಗೆ ಕತ್ತರಿಸಿದರೆ ಉಳಿಯುವುದು ಮಾದರಿ ಮಾತ್ರ. ಧ್ವನಿಪರೀಕ್ಷೆ, ಜಾನಪದವೆಂಬ ಪ್ರತ್ಯೇಕ ಅಂಕಣ, ನಿಗದಿಯಾದ ನಿಮಿಷಗಳು ಕೂಡಿ, ಹೊರಗಿನ ಸಂಗೀತ ಒಳಬರಲು ಹೆದ್ದಾರಿಯನ್ನೂ ಒಳಗಿನದು ಹೊರಹೋಗಲು ಕಾಲುದಾರಿಯನ್ನೂ ಮಾಡಿದವು. ಅದೇ ಜೋಗತಿ ಪರಂಪರೆಯ ಕಲಾವಿದೆ, ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರಿಗೆ ಪದ್ಮಶ್ರೀ ಘೋಷಣೆಯಾದದ್ದು 2021ರಲ್ಲಿ. ಪ್ರಶಸ್ತಿಯ ಸುದ್ದಿ ದೇಶಕ್ಕೆಲ್ಲ ಮುಟ್ಟಿತು. ಅವರ ಪರಂಪರೆಯ ಕಥನವನ್ನು ಮೊದಲಿಂದ ಕೊನೆಯವರೆಗೆ ಕತ್ತರಿಸದೆ ಬಿತ್ತರಿಸುವ ಇರುಳೊಂದನ್ನು ಹೊಸಪೇಟೆಯ ಎಫ್‌.ಎಂ. ನಿಲಯ ಇಂದೂ ಗೊತ್ತುಮಾಡಬಹುದು, ಎಲ್ಲಮ್ಮನ ಹುಣ್ಣಿಮೆಗಿಂತ ಒಳ್ಳೆಯ ದಿನ ಅದಕ್ಕೆ ಸಿಗದು.