ಅಕ್ಕನ ಬೆಲ್ಲು ಬೇರೆ, ತಮ್ಮನ ಬೆಲ್ಲು ಬೇರೆ

ನಮ್ಮೂರು ಆವತಿಯ ಚರಿತ್ರೆ ಎಂದರೆ ಎಲ್ಲರೂ ಕಂಚಿಯ ಕಡೆಯಿಂದ ಬಂದ ರಣಭೈರೇಗೌಡರಿಂದ ಶುರು ಮಾಡುತ್ತಾರೆ. ಅವರ ವಂಶದವರು ಇಲ್ಲಿಂದ ಹೊರಟು ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಯಲಹಂಕಗಳಲ್ಲಿ ನೆಲೆ ನಿಂತರೆಂಬುದು, ಕೆಂಪೇಗೌಡರೂ ಅದೇ ಮನೆತನದವರೆಂಬುದು ನಮ್ಮೂರ ಮಕ್ಕಳಿಗೆ ಬಾಯಿಪಾಠ. ನಾನು ಬರೆಯಹೊರಟಿರುವ ಚರಿತ್ರೆ ಅದಕ್ಕಿಂತ ಚಿಕ್ಕದು. ಒಂದೇ ಮನೆಯ ಮಕ್ಕಳು ಬೇರೆ ಬೇರೆ ಹೊತ್ತಿಗೆ ಶಾಲೆ ಸೇರಬೇಕಾದಾಗ ಅವರನ್ನು ಕೈಹಿಡಿದು ಕರೆದೊಯ್ದವರು ಯಾರು? ಈ ಸುತ್ತಿನ ಪ್ರೈಮರಿ ಶಾಲೆಗಳಲ್ಲಿ ಹಾಜರಿ ಕೂಗುತ್ತಲೇ ನನ್ನ ಆಯುಷ್ಯ ಕಳೆಯಿತು. ಪ್ರಾರ್ಥನೆ ಮುಗಿದ ಮೇಲೆ ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಲ್ಲುತ್ತಿದ್ದವರಲ್ಲಿ ಮನೆಯ ಹಿರಿ ಹೆಣ್ಣುಮಕ್ಕಳೇ ಹೆಚ್ಚು.

ಕೂಲಿಮಠದ ಕಾಲದಲ್ಲಿ ಈ ತಾಪತ್ರಯ ಇರಲಿಲ್ಲ. ಐದು ವರ್ಷದವನೂ ಹತ್ತು ವರ್ಷದವನೂ ಒಂದೇ ಜಗಲಿಯಲ್ಲಿ, ಒಬ್ಬರೇ ಐಗಳ ಮುಂದೆ ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದರು. ನಮ್ಮೂರ ಪಕ್ಕದ ಹೆದ್ದಾರಿಯನ್ನು ಹಿರಿಯರು ಈಗಲೂ ಬಳ್ಳಾರಿ ರೋಡು ಎನ್ನುತ್ತಾರೆ. ಆ ಬಳ್ಳಾರಿಯಲ್ಲಿ ಕಲೆಕ್ಟರ್ ಆಗಿದ್ದ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ತನ್ನ ಜಿಲ್ಲೆಯ ಶಾಲೆಗಳ ಬಗ್ಗೆ ಮದ್ರಾಸಿಗೆ ಒಂದು ವರದಿ ಕಳಿಸಿದ. ಧರ್ಮಪಾಲರು 1983ರಲ್ಲಿ ಪ್ರಕಟಿಸಿದ ‘ದಿ ಬ್ಯೂಟಿಫುಲ್ ಟ್ರೀ’ಯಲ್ಲಿ ಅದು ಸಿಗುತ್ತದೆ. ಜಿಲ್ಲೆಯಲ್ಲಿ 533 ಶಾಲೆ, ಅದರಲ್ಲಿ ಕನ್ನಡದವು 235, ಓದುವ ಮಕ್ಕಳು 6,641. ಶಾಲೆ ಶುರುವಾಗುತ್ತಿದ್ದದ್ದು ಬೆಳಗ್ಗೆ ಆರಕ್ಕೆ. ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನಿಗೆ ಒಂದು ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಆಮೇಲೆ ಬಂದ ಒಬ್ಬೊಬ್ಬನಿಗೂ ಒಂದೊಂದು ಹೆಚ್ಚು. ಇದನ್ನು ಓದಿದಾಗಲೆಲ್ಲ ಒಂದೇ ಮನೆಯಿಂದ ಜೊತೆಯಾಗಿ ಬಂದ ಅಣ್ಣ ತಮ್ಮ ನನ್ನ ಕಣ್ಣಿಗೆ ಕಟ್ಟುತ್ತಾರೆ. ತಮ್ಮನನ್ನು ಮುಂದೆ ಬಿಟ್ಟ ಅಣ್ಣನಿಗೆ ಒಂದು ಏಟು ಜಾಸ್ತಿ.

ಅಷ್ಟು ಮಕ್ಕಳಲ್ಲಿ ಹುಡುಗಿಯರು ಬರೀ 60. ಉಳಿದ ಹುಡುಗಿಯರು ಮನೆಯಲ್ಲಿದ್ದರು.

ಮೈಸೂರು ಸೀಮೆಯಲ್ಲಿ 1868ರಲ್ಲಿ ಶಿಕ್ಷಣ ಇಲಾಖೆಯ ಲೂಯಿ ರೈಸ್ ಹೋಬಳಿಗೊಂದು ಶಾಲೆ ಎಂಬ ಯೋಜನೆ ತಂದರು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1913ರಲ್ಲಿ ಕಡ್ಡಾಯ ಶಿಕ್ಷಣದ ಕಾಯಿದೆ ಬಂತು. ಎರಡು ವರ್ಷದ ಮೇಲೆ ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಎರಡೂವರೆ ಅಡಿ ಅಗಲದ ಹಳಿ ಹಾಕಿ ರೈಲು ಬಿಟ್ಟರು, ನಮಗೂ ಆವತಿಹಳ್ಳಿ ಅಂತ ಒಂದು ಸ್ಟೇಷನ್ನು ಸಿಕ್ಕಿತು. ಗಡಿಯಾರದ ಹೊತ್ತು ನಮ್ಮ ಹಳ್ಳಿಗಳಿಗೆ ಬಂದದ್ದು ಈ ಎರಡು ದಾರಿಯಲ್ಲೇ ಎಂದು ನಾನು ನಂಬಿದ್ದೇನೆ, ಒಂದು ರೈಲು, ಇನ್ನೊಂದು ಶಾಲೆಯ ಗಂಟೆ.

ನಾನು ಓದುತ್ತಿದ್ದ ಕಾಲಕ್ಕೆ ಶಾಲೆ ಹತ್ತೂವರೆಗೆ, ಶನಿವಾರ ಮಾತ್ರ ಬೆಳಗಿನ ಸ್ಕೂಲು. ಹತ್ತೂವರೆ ಎಂದರೆ ಆರಾಮವಾಗಿ ಹೋಗಬಹುದಲ್ಲ ಅನ್ನಿಸಬಹುದು. ರೇಷ್ಮೆ ಹುಳ ಸಾಕುವ ಮನೆಯಲ್ಲಿ ಹಾಗಾಗುತ್ತಿರಲಿಲ್ಲ. ಹುಳ ಪೊರೆ ಕಳಚುವ ನಾಲ್ಕನೇ ಜ್ವರದಿಂದ ಎದ್ದವೆಂದರೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಅಪ್ಪ ತೋಟದಿಂದ ಹೊರೆ ತಂದು ಹಾಕಿದರೆ ಅಮ್ಮ ತಟ್ಟೆ ತಟ್ಟೆಗೂ ಸೊಪ್ಪು ಹರಡುತ್ತಾ ಕೂತುಬಿಡುತ್ತಿದ್ದಳು. ಆ ದಿನಗಳಲ್ಲಿ ತಮ್ಮ ನನ್ನ ಪಾಲು. ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು, ಇನ್ನೊಂದು ಕೈಯಲ್ಲಿ ಸ್ಲೇಟು ಹಿಡಿದು ಹೋಗುತ್ತಿದ್ದೆ. ನಮ್ಮ ಮೇಷ್ಟ್ರು ಒಳ್ಳೆಯವರು, ಅವನನ್ನು ಗೋಡೆ ಪಕ್ಕ ಕೂರಿಸಿ ಕೈಗೆ ಒಂದು ಬಳಪ ಕೊಡುತ್ತಿದ್ದರು. ಅವನು ಅಳುತ್ತಲೇ ನಾನು ಎದ್ದು ಹೊರಗೆ ಹೋಗಬೇಕು. ಭಾಗಾಕಾರದ ಪಾಠವೆಲ್ಲ ನಾನು ಕೇಳಿದ್ದು ಕಿಟಕಿಯ ಆಚೆ ನಿಂತು.

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿ ಯೋಜನೆ ಶುರುವಾಯಿತು, ಕರ್ನಾಟಕದಲ್ಲಿ ಮೊದಲು ತಿ. ನರಸೀಪುರದಲ್ಲಿ. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತಮ್ಮ ತಂಗಿಯರನ್ನು ನೋಡಿಕೊಳ್ಳುವ ಹುಡುಗಿಯರು ಶಾಲೆಗೆ ಬರುವಂತಾಗಲು ಶಿಶುಪಾಲನಾ ಕೇಂದ್ರಗಳು ಬೇಕೆಂದು ಬಿಡಿಸಿ ಹೇಳಿತು. ಸರ್ಕಾರದ ಕಾಗದದಲ್ಲಿ ನನ್ನಂಥ ಅಕ್ಕಂದಿರ ವಿಷಯ ಕಂಡು ನನಗೆ ಗಂಟಲು ಕಟ್ಟಿತ್ತು. ಆದರೆ ನಾನು ಪಾಠ ಹೇಳುತ್ತಿದ್ದ ಹಳ್ಳಿಯಲ್ಲಿ ಅಂಗನವಾಡಿ ಊರ ಆ ತುದಿ, ಶಾಲೆ ಈ ತುದಿ. ಅಲ್ಲಿ ಮಧ್ಯಾಹ್ನ ಉಂಡ ಮೇಲೆ ಮಕ್ಕಳನ್ನು ಬಿಡುತ್ತಿದ್ದರು, ನಮ್ಮದು ಬಿಡುತ್ತಿದ್ದದ್ದು ನಾಲ್ಕೂವರೆಗೆ. ‘ಮಿಸ್, ಪಾಪುನ ಕರ್ಕಂಡ್ ಬತ್ತೀನಿ’ ಎಂದು ಎದ್ದು ಹೋದ ಹುಡುಗಿ ಮತ್ತೆ ಬಂದರೆ ಬಂದಳು. ಮರುದಿನ ಅವಳ ನೋಟ್‌ಬುಕ್ಕಿನ ಅರ್ಧ ಪುಟ ಖಾಲಿ ಇರುತ್ತಿತ್ತು.

ಆಮೇಲೆ ಕಾನ್ವೆಂಟುಗಳ ಹಳದಿ ವ್ಯಾನು ಬಂತು. ಎಷ್ಟೋ ಮನೆಗಳಲ್ಲಿ ಗಂಡುಮಗುವನ್ನು ಇಂಗ್ಲಿಷ್ ಮೀಡಿಯಂಗೆ, ಹೆಣ್ಣುಮಗುವನ್ನು ಸರ್ಕಾರಿ ಶಾಲೆಗೆ ಹಾಕಿದರು. ವ್ಯಾನು ಎಂಟಕ್ಕೂ ಮೊದಲೇ ರಸ್ತೆಯಲ್ಲಿ ಹಾರನ್ನು ಹೊಡೆಯುತ್ತದೆ. ತಮ್ಮನ ಶೂ ಲೇಸು ಕಟ್ಟಿ, ಬ್ಯಾಗು ಹೊತ್ತು ಹತ್ತಿಸುವುದು ಅಕ್ಕ. ವ್ಯಾನು ಹೋದ ಮೇಲೆ ಅವಳ ಸ್ನಾನ, ಅವಳ ತಿಂಡಿ. 2006-07ರಲ್ಲಿ ಎಂಟನೇ ತರಗತಿಯ ಹುಡುಗಿಯರಿಗೆ ಸರ್ಕಾರ ಸೈಕಲ್ ಕೊಟ್ಟಾಗ ಅವರಿಗೆ ಸಿಕ್ಕಿದ್ದು ಬೆಳಗಿನ ಅರ್ಧ ಗಂಟೆ, ಆ ಅರ್ಧ ಗಂಟೆಯ ಬೆಲೆ ಏನೆಂದು ನಾನು ಬಲ್ಲೆ. 2023ರ ಜೂನ್‌ನಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ತಾಯಂದಿರು ತಾವೇ ಚಿಕ್ಕದನ್ನು ಬಸ್ಸು ಹತ್ತಿಸಿಕೊಂಡು ದೇವನಹಳ್ಳಿಗೆ ಬಿಟ್ಟು ಬರುವುದನ್ನೂ ನೋಡುತ್ತಿದ್ದೇನೆ.

ಅದೇ ವರ್ಷ ಹೈಕೋರ್ಟಿನ ಸೂಚನೆಯಂತೆ ಬೆಂಗಳೂರಿನ ಶಾಲಾ ಸಮಯ ಬದಲಿಸುವ ಬಗ್ಗೆ ಅಕ್ಟೋಬರ್‌ನಲ್ಲಿ ಸರ್ಕಾರ ಸಭೆ ಕರೆಯಿತು, ಖಾಸಗಿ ಶಾಲೆಗಳವರು ಒಪ್ಪಲಿಲ್ಲ. ಅಲ್ಲಿಯ ಚಿಂತೆ ವಾಹನ ದಟ್ಟಣೆಯದ್ದು. ಮನೆಯೊಳಗಿನ ಮಕ್ಕಳ ಹೊತ್ತಿನ ಚಿಂತೆಗೆ ನನಗೆ ಕಾಣುವ ನಿಜವಾದ ಪರಿಹಾರ ಬೇರೆ. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ ಓದಿಸುವ ಕರ್ನಾಟಕ ಪಬ್ಲಿಕ್ ಶಾಲೆಗಳು 2018ರಿಂದ ಬಂದಿವೆ. ಅಕ್ಕ ತಮ್ಮ ಒಂದೇ ಗೇಟಿನೊಳಗೆ ಹೋಗಿ ಒಂದೇ ಗೇಟಿನಿಂದ ಬರಬಹುದು. ಹಳ್ಳಿಯ ಹೆಣ್ಣುಮಕ್ಕಳ ಓದಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲವೆಂದೇ ನನ್ನ ಅಭಿಪ್ರಾಯ.

ಅಂಥ ಶಾಲೆ ಇಲ್ಲದ ಊರಿನವರು ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸಭೆಗೆ ಹೋದಾಗ ಕಾಂಪೌಂಡು, ಸುಣ್ಣಬಣ್ಣದ ಜೊತೆಗೆ ಈ ಒಂದು ವಿಷಯವನ್ನೂ ಎತ್ತಿ. ಅಂಗನವಾಡಿ ಟೀಚರನ್ನೂ ಹೆಡ್‌ಮಾಸ್ಟರನ್ನೂ ಎದುರು ಬದರು ಕೂರಿಸಿ, ಎರಡೂ ಕಡೆಯ ಶುರುವಿನ ಹೊತ್ತು, ಬಿಡುವ ಹೊತ್ತು ಕೇಳಿ ಬರೆದುಕೊಳ್ಳಿ. ನಡುವಿನ ಅಂತರದಲ್ಲಿ ಚಿಕ್ಕ ಮಗುವನ್ನು ನೋಡಿಕೊಳ್ಳುವವರು ಯಾರೆಂದು ಅಲ್ಲೇ ತೀರ್ಮಾನಿಸಿ. ಆ ಕೆಲಸಕ್ಕೆ ಐದನೇ ಕ್ಲಾಸಿನ ಹುಡುಗಿಯ ಹೆಸರು ಮಾತ್ರ ಹೇಳಬೇಡಿ.