ಗೂಗಲ್ ಜಾಹೀರಾತು: ನಾವೇ ಹಾಕಿಕೊಂಡರೆ ಎಷ್ಟು ಕೆಲಸ?

‘ದುಡ್ಡು ಕಟ್ಟಿದರೆ ಗೂಗಲ್‌ನಲ್ಲಿ ನಿಮ್ಮ ಅಂಗಡಿಯೇ ಮೊದಲು’ ಎಂಬ ಫಾರ್ವರ್ಡ್ ಅರ್ಧಸತ್ಯ. ಜಾಹೀರಾತಿನ ಜಾಗ ಪ್ರತಿ ಹುಡುಕಾಟಕ್ಕೂ ಹರಾಜಾಗುತ್ತದೆ. ಅಲ್ಲಿ ಹಣದ ಜತೆಗೆ ಜಾಹೀರಾತಿನ ಗುಣಮಟ್ಟವೂ ಲೆಕ್ಕಕ್ಕೆ ಬರುತ್ತದೆ. ಉಳಿದ ಸಾಮಾನ್ಯ ಫಲಿತಾಂಶಗಳಲ್ಲಿ ದುಡ್ಡಿನ ಆಟ ನಡೆಯುವುದಿಲ್ಲ.

ತಳಕಿನಲ್ಲಿ ಕೂತು ಮೊಳಕಾಲ್ಮುರು ಸೀರೆ ಮಾರುತ್ತೀರಿ ಅಂದುಕೊಳ್ಳಿ. ಜಾಹೀರಾತು ಹಾಕಲು ಒಂದು ಸಂಜೆ ಸಾಕು, ದುಡಿಮೆ ಇರುವುದು ಆಮೇಲೆ. ಮೊಳಕಾಲ್ಮುರನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ (ನೀವೇ ಬರೆದು ನೋಡಿ!). ‘ಬ್ರಾಡ್ ಮ್ಯಾಚ್’ ಹಾಗೇ ಬಿಟ್ಟರೆ, ಬೇರೆ ಊರಿನ ಸೀರೆ ಹುಡುಕಿದವರು ಕ್ಲಿಕ್ ಮಾಡಿದರೂ ನಿಮ್ಮ ಹಣವೇ ಹೋಗಬಹುದು. ವಾರವಾರ ‘ಸರ್ಚ್ ಟರ್ಮ್ಸ್’ ವರದಿ ನೋಡಿ, ಬೇಡದ ಪದಗಳನ್ನು ‘ನೆಗೆಟಿವ್ ಕೀವರ್ಡ್’ ಪಟ್ಟಿಗೆ ಹಾಕಬೇಕು. ದಿನಕ್ಕೆ 200 ರೂಪಾಯಿ ಬಜೆಟ್ ಇಟ್ಟರೂ ಕೆಲವು ದಿನ 400ರವರೆಗೆ ಹೋಗಬಹುದು; ಗಾಬರಿ ಬೇಡ, ತಿಂಗಳಿಗೆ 6,080 ಮೀರದು. ಜಿಎಸ್‌ಟಿ ಬೇರೆ.

ಗೂಗಲ್ ಮ್ಯಾಪ್‌ಗೆ ಅಂಗಡಿ ಸೇರಿಸುವುದು ಮಾತ್ರ ಪೂರ್ತಿ ಉಚಿತ. ಅದಕ್ಕೆ ಹಣ ಕೇಳಿ ಕರೆ ಬಂದರೆ ಫೋನ್ ಇಟ್ಟುಬಿಡಿ.